ಪೆನ್ಸಿಲ್ ಚುಕ್ಕೆ ಇಟ್ಟ ಮೊಟ್ಟೆಗಳು

ಹೆಂಡತಿಯ ಮಣ್ಣಿಗೆ ಬಂದವರಿಗೆಲ್ಲ ಹಾರ್ಲನ್ ಪ್ರೂವಿಟ್ ತಾನೇ ನಿಂತು ತಣ್ಣನೆಯ ಚಹಾ ಹಂಚಿದ. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಚರ್ಚಿನ ಹೆಂಗಸರು "ಕಲ್ಲು ಕಣ್ರೀ ಆ ಮನುಷ್ಯ" ಅಂದರು. ಇಪ್ಪತ್ತು ವರ್ಷ ಅವನ ಬೇಲಿಯಾಚೆ ಬಾಳಿದವಳು ನಾನು. ಅವರು ಹೊತ್ತು ತಂದಿದ್ದ ಕೋಳಿ ಅನ್ನವನ್ನು ಅವರ ಬಾಯಿಗೇ ತುರುಕಬೇಕೆನ್ನಿಸಿತು.

"ಅಳು ಬರ್ತಿಲ್ಲ ಡೋರೀನ್," ಅಂದ ಆಮೇಲೆ. "ಹಲ್ಲು ಕೀಳೋಕೆ ಮುಂಚೆ ಸೂಜಿ ಚುಚ್ತಾರಲ್ಲ, ಹಾಗಾಗಿದೆ. ಕೆನ್ನೆ ಮುಟ್ಕೊಂಡ್ರೆ ಯಾರದ್ದೋ ಅನ್ಸುತ್ತೆ."

ಅವನ ಹೆಂಡತಿ ಲೂವೆಟಾ ಹಿಂದಿನ ಕೋಣೆಯಲ್ಲಿ ಜೋಳದ ಹಾವು ಅನ್ನುವ ವಿಷವಿಲ್ಲದ ಹಾವು ಸಾಕುತ್ತಿದ್ದಳು. ನಮ್ಮ ಫ್ಲೋರಿಡಾದಲ್ಲಿ ಈ ಹಾವು ಯಾರ ಕೊಟ್ಟಿಗೆಯಲ್ಲಾದರೂ ಸಿಕ್ಕೀತು, ಕಿತ್ತಳೆ ಮೈಮೇಲೆ ಕೆಂಪು ಮಚ್ಚೆ. ಲೂವೆಟಾಗೆ ಬೇಕಾಗಿದ್ದು ಬೇರೆ: ಒಂದೂ ಮಚ್ಚೆಯಿಲ್ಲದ, ಮೂತಿಯಿಂದ ಬಾಲದವರೆಗೆ ಚಕ್ಕೋತದ ತೊಳೆಯ ಬಣ್ಣದ ಹಾವು. ಜೋಡಿ ಕೂಡಿಸಿ ಕೂಡಿಸಿ ವರ್ಷಗಳೇ ಕಳೆದವು. ಪ್ರತಿ ಆಗಸ್ಟಿನಲ್ಲೂ ಮರಿಗಳು ಬರುತ್ತಿದ್ದವು. ನೀರು ಬದಲಿಸುವ, ಅವುಗಳ ಊಟಕ್ಕೆ ಹೆಪ್ಪುಗಟ್ಟಿಸಿಟ್ಟ ಇಲಿ ಕರಗಿಸುವ ಕೆಲಸ ಹಾರ್ಲನ್‌ದು. "ಮತ್ತೆ ಕೆಂಪೇ?" ಅಂತ ಅವನು ಗೊಣಗಿದರೆ ಅವಳದ್ದು ಒಂದೇ ಉತ್ತರ: "ಬಣ್ಣ ಆಮೇಲೆ. ಮೊದಲು ಹೊಟ್ಟೆ ನೋಡು."

ಕೊನೆಗೆ ಒಂದು ಅಣ್ಣ-ತಂಗಿ ಜೋಡಿ ಬೆಳೆಸಿದಳು. ನೋಡಲು ಎರಡೂ ಸಾದಾ ಕೆಂಪು. "ತಾಯಿಯ ಗುಲಾಬಿ ಬಣ್ಣ, ತಂದೆಯ ಮಚ್ಚೆಯಿಲ್ಲದ ಮೈ, ಎರಡೂ ಇವುಗಳ ಒಳಗೆ ಅಡಗಿವೆ ಕಣೆ. ಇವುಗಳ ಮರೀಲಿ ಒಂದಾದ್ರೂ ಹೊತ್ಕೊಂಡು ಬರುತ್ತೆ ನೋಡ್ತಿರು" ಅಂದಿದ್ದಳು. ಆ ಜೋಡಿ ಚಳಿನಿದ್ದೆಯಲ್ಲಿದ್ದಾಗಲೇ, ಫೆಬ್ರವರಿಯಲ್ಲಿ, ಅವಳು ಹೋಗಿಬಿಟ್ಟಳು.

ಹಾರ್ಲನ್ ಅವಳು ಮಾಡುತ್ತಿದ್ದುದನ್ನೆಲ್ಲ ಹಾಗೆಯೇ ಮಾಡಿದ. ಅವುಗಳನ್ನು ಬೆಚ್ಚಗೆ ಮಾಡಿದ, ಉಣಿಸಿದ, ಕೂಡಿಸಿದ. ಜೂನಿನಲ್ಲಿ ಹೆಣ್ಣು ಹದಿನೇಳು ಮೊಟ್ಟೆಯಿಟ್ಟು, ಸುಸ್ತಾಗಿ, ಅದೇ ವಾರ ಸತ್ತಿತು. ಲೂವೆಟಾಳ ಆಸೆಗೆ ಇನ್ನು ಉಳಿದದ್ದು ಆ ಮೊಟ್ಟೆಗಳಷ್ಟೇ. ಮೂರು ಒಂದಕ್ಕೊಂದು ಅಂಟಿ ಗಂಟಾಗಿದ್ದವು, ಉಳಿದವು ಬಿಡಿ. ಅವನ್ನು ಡಬ್ಬಿಯ ತೇವದ ಮಣ್ಣಲ್ಲಿ ಹೂತು, ಪ್ರತಿಯೊಂದರ ನೆತ್ತಿಗೆ ಪೆನ್ಸಿಲಿನಿಂದ ಚುಕ್ಕೆಯಿಟ್ಟ. ಹಾವಿನ ಮೊಟ್ಟೆ ಮಗುಚಬಾರದು. ಮಗುಚಿದರೆ ಒಳಗಿನ ಜೀವ ಉಸಿರುಕಟ್ಟಿ ಸಾಯುತ್ತದೆ. ಚುಕ್ಕೆ ಸದಾ ಮೇಲಿರಬೇಕು.

ಅಷ್ಟರಲ್ಲಿ ಅವನ ಅಕ್ಕ ಬರ್ನಿಸ್ ಜಾರ್ಜಿಯಾದಿಂದ ಬಂದಳು, ತಮ್ಮ ಒಬ್ಬನೇ ಆದನಲ್ಲ ಅಂತ. ಒಳ್ಳೆಯ ಹೆಂಗಸು; ಒಳ್ಳೆಯವರಿಂದ ದೇವರೇ ಕಾಪಾಡಬೇಕು. ಹುಟ್ಟಿದಾಗಿನಿಂದ ಕೋಳಿ ಸಾಕಿದವಳು. ಕಾವಿಗಿಟ್ಟ ಕೋಳಿಮೊಟ್ಟೆಯನ್ನು ದಿನಾ ಮಗುಚಬೇಕು, ಯಾವ ಮಗ್ಗುಲಾಯಿತೆಂದು ತಿಳಿಯಲು ಪೆನ್ಸಿಲ್ ಗುರುತೂ ಹಾಕಬೇಕು.

ಹಾರ್ಲನ್ ಒಂದು ದಿನ ಡಬ್ಬಿ ತೆರೆದಾಗ ನಾನು ಪಕ್ಕದಲ್ಲೇ ಇದ್ದೆ. ಬಿಡಿ ಮೊಟ್ಟೆಗಳಲ್ಲಿ ಒಂದರ ಮೇಲೂ ಚುಕ್ಕೆಯಿಲ್ಲ.

"ನೀನೆಲ್ಲಿ ಮರೀತೀಯೋ ಅಂತ ದಿನಾ ನಾನೇ ಮಗುಚ್ತಿದ್ದೀನಿ ಕಣೋ!" ಅಡುಗೆಮನೆಯಿಂದ ಬರ್ನಿಸ್ ಕೂಗಿದಳು. "ಆ ಮೂರು ಅಂಟ್ಕೊಂಡಿವೆ ನೋಡು, ಅವು ಮಾತ್ರ ನನ್ನ ಕೈಲಾಗ್ಲಿಲ್ಲ."

ಹಾರ್ಲನ್ ಮುಚ್ಚಳ ಹಾಕಿದ. "ಇನ್ಮೇಲೆ ಬೇಡಕ್ಕ. ಇಷ್ಟು ದಿನ ಮಾಡಿದ್ದು ಸಾಕು."

ನಾನಾಗಿದ್ದರೆ ಮನೆಯ ಸೂರು ಹಾರಿಸುತ್ತಿದ್ದೆ. ಅಂಗಳಕ್ಕೆ ಬಂದವಳೇ ಕೇಳಿದೆ, "ಕೋಪ ಬರ್ಲಿಲ್ವಾ ನಿಂಗೆ?"

"ಬರಬೇಕಿತ್ತು," ಅಂದ.

ಬಿಡಿ ಮೊಟ್ಟೆಗಳು ಒಂದೊಂದಾಗಿ ಬೂಷ್ಟು ಹಿಡಿದು ಕುಸಿದವು. ಅವನು ಕಸ ಎಸೆದಷ್ಟೇ ಸಲೀಸಾಗಿ ಎತ್ತಿ ಎಸೆದ. ಆಗಸ್ಟಿನಲ್ಲಿ, ಅಂಟಿಕೊಂಡಿದ್ದ ಮೂರು ಮಾತ್ರ ಒಡೆದು ಮರಿಯಾದವು. ಮೂರೂ ಕಿತ್ತಳೆ ಮೈ, ಕೆಂಪು ಮಚ್ಚೆ, ಯಾರ ಕೊಟ್ಟಿಗೆಯಲ್ಲಾದರೂ ಸಿಗುವಂಥವು.

ಮರಿಗಳು ಮೊದಲ ಪೊರೆ ಬಿಟ್ಟ ದಿನ ಬರ್ನಿಸ್ ಊರಿಗೆ ಹೊರಟು ನಿಂತಿದ್ದಳು. ಡಬ್ಬಿಯೊಳಗೆ ಬಗ್ಗಿ ನೋಡಿದಳು. "ಲೂವೆಟಾ ಕಾಯ್ತಿದ್ದ ಬಣ್ಣ ಇದೇನಾ?"

ನಾನು ಬಾಯಿ ತೆರೆದೆ. ಹಾರ್ಲನ್ ನನ್ನ ಕಾಲು ತುಳಿದ.

"ಇದೇ ಅಕ್ಕ."

"ನಾನು ನೋಡ್ಕೊಳ್ದೇ ಇದ್ದಿದ್ರೆ ಇವೂ ಬರ್ತಿರ್ಲಿಲ್ಲ, ಅಲ್ವಾ?"

"ಬರ್ತಿರ್ಲಿಲ್ಲ ಅಕ್ಕ."

ಬರ್ನಿಸ್ ತಮ್ಮನನ್ನು ತಬ್ಬಿಕೊಂಡು, ಲೂವೆಟಾ ನೋಡಬೇಕಿತ್ತು ಅಂತ ಗೊಳೋ ಎಂದು ಅತ್ತು, ಸಮಾಧಾನವಾಗಿ ಕಾರು ಹತ್ತಿದಳು.

ನನಗೆ ಸಮಾಧಾನವಾಗಲಿಲ್ಲ. "ಮೂರೂ ಕೆಂಪೇ ಹಾರ್ಲನ್," ಅಂದೆ. "ಇಷ್ಟು ವರ್ಷ ಕಾದು, ಮತ್ತೆ ಕೆಂಪೇ."

ಅವನು ಬಿಸಿನೀರಲ್ಲಿ ಕರಗಿದ ಇಲಿಮರಿಯೊಂದನ್ನು ಇಕ್ಕಳದಲ್ಲಿ ಹಿಡಿದಿದ್ದ. ಪುಟ್ಟ ಹಾವು ಮೂಸಿ, ಗಬಕ್ಕನೆ ಕಚ್ಚಿಕೊಂಡಿತು.

"ಬಣ್ಣ ಆಮೇಲೆ," ಅಂದ ಹಾರ್ಲನ್. "ಮೊದಲು..."

ಇಕ್ಕಳ ಕೈಯಿಂದ ಜಾರಿ ಬಿತ್ತು. ಸಿಂಕಿನ ಅಂಚು ಹಿಡಿದು ಕುಸಿದು ಕೂತವನು ಮಗುವಿನ ಹಾಗೆ ಬಾಯಿಬಿಟ್ಟು ಅತ್ತ. ಬಿದ್ದಿದ್ದ ಇಕ್ಕಳ ಎತ್ತಿಕೊಂಡು ಉಳಿದೆರಡು ಮರಿಗೆ ನಾನೇ ತಿನ್ನಿಸಿದೆ.