ಓರೆ ಗುಂಡಿಗಳ ಅಂಗಿ

ಹೊಲಿಗೆಯಕ್ಕನ ಬಾಯಿ ಸಡಿಲ ಎಂದು ಆ ಬೀದಿಯಲ್ಲಿ ಯಾರೂ ಹೇಳುವ ಹಾಗಿರಲಿಲ್ಲ. ಗಿರಾಕಿಯ ಸೊಂಟದ ಅಳತೆಯನ್ನು ಅವಳು ಯಾವತ್ತೂ ಗಟ್ಟಿಯಾಗಿ ಹೇಳಿದವಳಲ್ಲ. ಪರದೆಯ ಹಿಂದೆ ಟೇಪು ಹಿಡಿದು, ಅಂಕಿಯನ್ನು ಸೀಮೆಸುಣ್ಣದಲ್ಲಿ ಬಟ್ಟೆಯ ಮೂಲೆಗೆ ಗೀಚಿಕೊಂಡು, ಹೊಲಿದಾದ ಮೇಲೆ ಕೊಡವಿಬಿಡುತ್ತಿದ್ದಳು. ಯಾರ ಹೆಗಲು ವಾಲಿದೆ, ಯಾರ ಬೆನ್ನು ಬಾಗುತ್ತಿದೆ, ಯಾರು ಮೂರು ತಿಂಗಳಿಂದ ಸರಿಯಾಗಿ ಊಟ ಮಾಡಿಲ್ಲ, ಎಲ್ಲವೂ ಅವಳಿಗೆ ಗೊತ್ತು. ಆದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಆ ಬಿಗಿ ಬಾಯನ್ನು ನಂಬಿಯೇ ಹೆಂಗಸರು ಅವಳ ಅಂಗಡಿಯ ಪರದೆಯ ಹಿಂದೆ ಹೋಗಿ ನಿಲ್ಲುತ್ತಿದ್ದರು.

ಅಂಥವಳು ಕೆಟ್ಟಿದ್ದು ಬರೆಯಲು ಕೂತು.

ಬೀದಿಯ ತಿರುವಿನಲ್ಲಿ ಸಿದ್ಧ ಉಡುಪಿನ ದೊಡ್ಡ ಅಂಗಡಿ ಬಂದ ಮೇಲೆ ಹೊಲಿಗೆಯಕ್ಕ ನೊಣ ಹೊಡೆಯುತ್ತ ಕೂರುವಂತಾಯಿತು. ನಾದಿನಿಗೆ ಅದನ್ನು ನೋಡಿ ಸುಮ್ಮನಿರಲು ಆಗಲಿಲ್ಲ. ಅವಳು ಅಂಗಡಿಗಳಿಗೆ ಜಾಹೀರಾತು ಬರೆದುಕೊಡುವ ಆಫೀಸಿನಲ್ಲಿದ್ದಳು, ಮಾತೂ ಜಾಹೀರಾತಿನ ಹಾಗೇ ಇರುತ್ತಿತ್ತು.

"ಅತ್ತಿಗೆ, ಒಂದು ಬ್ಲಾಗ್ ಶುರು ಮಾಡೋಣ. ನಿಮ್ಮ ಕೆಲಸದ ಬಗ್ಗೆ ನೀವೇ ಬರೀಬೇಕು. ಜನ ಓದ್ತಾರೆ, ನಂಬಿಕೆ ಬರುತ್ತೆ, ಹುಡುಕ್ಕೊಂಡು ಬರ್ತಾರೆ."

"ನಂಗೆ ದಾರ ಪೋಣಿಸೋಕೆ ಬರುತ್ತೆ ಕಣೇ, ಅಕ್ಷರ ಅಲ್ಲ."

"ಮಾತಾಡೋ ಹಾಗೇ ಬರೀರಿ. ಉಳಿದಿದ್ದು ನಾನು ನೋಡ್ಕೋತೀನಿ."

ಕಿತ್ತುಹೋದ ಗುಂಡಿ ಹಾಕುವುದು ಹೇಗೆ ಎಂದು ಬರೆದಳು. ಉಣ್ಣೆ ಬಟ್ಟೆ ಒಗೆಯುವ ಬಗ್ಗೆ ಬರೆದಳು. ಓದಿದವರು ಇಬ್ಬರು: ಒಬ್ಬಳು ನಾದಿನಿ, ಇನ್ನೊಬ್ಬಳು ತಾನೇ. ನಾದಿನಿ ತಲೆ ಕೆರೆದುಕೊಂಡಳು. "ಮನಸ್ಸಿಗೆ ತಟ್ಟೋ ಹಾಗೆ ಏನಾದ್ರೂ ಬೇಕು ಅತ್ತಿಗೆ. ಬೇರೆ ಯಾರ ಕೈಲೂ ಆಗದ ಕೆಲಸ ಯಾವುದಾದ್ರೂ ಮಾಡಿದ್ದೀರಾ?"

ಮಾಡಿದ್ದಳು. ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಮೇಡಂ ಒಬ್ಬರಿಗೆ ಆಪರೇಷನ್ ಆಗಿ ಒಂದು ಬದಿಯ ಎದೆ ತೆಗೆದಿದ್ದರು. ಗಾಯ ಮಾಗಿದ ಮೇಲೆ ಪರದೆಯ ಹಿಂದೆ ನಿಂತು, ಕಣ್ಣು ಗೋಡೆಯ ಕಡೆ ನೆಟ್ಟು, "ಬೋರ್ಡ್ ಮುಂದೆ ನಿಲ್ಲಬೇಕು ನಾನು. ಯಾರಿಗೂ ಗೊತ್ತಾಗಬಾರದು" ಅಂದಿದ್ದರು. ಹೊಲಿಗೆಯಕ್ಕ ಎಷ್ಟೋ ಬಟ್ಟೆ ಹಾಳು ಮಾಡಿ ಕೊನೆಗೆ ದಾರಿ ಕಂಡುಕೊಂಡಳು. ಅಂಗಿಯ ಒಳಗೆ ಹತ್ತಿಯ ಮೆತ್ತೆ, ಹೊರಗೆ ಹೆಗಲಿನಿಂದ ಸೊಂಟದವರೆಗೆ ಓರೆಯಾಗಿ ಇಳಿಯುವ ಗುಂಡಿಗಳ ಸಾಲು. ನೋಡುವವರ ಕಣ್ಣು ಗುಂಡಿಗಳ ಹಿಂದೆ ಹೋಗುತ್ತಿತ್ತೇ ಹೊರತು ಎದೆಯ ಮೇಲೆ ನಿಲ್ಲುತ್ತಿರಲಿಲ್ಲ. ಅಂದಿನಿಂದ ಮೇಡಂ ಬೇರೆ ಥರದ ಅಂಗಿ ತೊಡಲೇ ಇಲ್ಲ.

ಅದನ್ನೇ ಬರೆದಳು. ಹೆಸರಿಲ್ಲ, ಶಾಲೆಯಿಲ್ಲ, ಲೆಕ್ಕವಿಲ್ಲ. "ನನ್ನ ಒಬ್ಬ ಗಿರಾಕಿ" ಅಷ್ಟೇ. ಆದರೆ ಹೊಲಿಗೆಯವಳು ಹೊಲಿಗೆಯ ವಿಷಯ ಬಿಟ್ಟಾಳೆಯೇ? ಓರೆ ಗುಂಡಿಗಳ ಸಾಲನ್ನು ಕಾಜಾ ಸಮೇತ, ಅಚ್ಚುಕಟ್ಟಾಗಿ ವರ್ಣಿಸಿದಳು. ಇಡೀ ಊರಿನಲ್ಲಿ ಅಂಥ ಅಂಗಿ ತೊಡುವವರು ಒಬ್ಬರೇ ಎಂಬುದು, ಆ ಅಂಗಿಗಳನ್ನು ಹೊಲಿದವಳ ತಲೆಗೇ ಹೊಳೆಯಲಿಲ್ಲ.

ಬರಹ ಕಾಡ್ಗಿಚ್ಚಿನ ಹಾಗೆ ಹಬ್ಬಿತು. ನಾದಿನಿ ಫೋನ್ ಮೇಲೆ ಫೋನ್ ಮಾಡಿದಳು. ಅಂಗಡಿಗೆ ಹೊಸ ಮುಖಗಳು ಬರತೊಡಗಿದವು. ಹೊಲಿಗೆಯಕ್ಕ ಹಿರಿಹಿರಿ ಹಿಗ್ಗಿದಳು, ಸುಳ್ಳೇಕೆ ಹೇಳಬೇಕು. ಆಮೇಲೆ ಒಂದು ಬೆಳಗ್ಗೆ, ಮಗಳ ಲಂಗ ಉದ್ದ ಮಾಡಿಸಲು ಬಂದ ತಾಯಿಯೊಬ್ಬಳು ಕೌಂಟರಿನ ಮೇಲೆ ಬಗ್ಗಿ ಪಿಸುಗುಟ್ಟಿದಳು: "ಅದು ಲೆಕ್ಕದ ಮೇಡಂ ಅಲ್ವಾ ಅಕ್ಕ? ಪಾಪ. ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲ ನೋಡಿ. ಈಗ ಮಕ್ಕಳೆಲ್ಲ ಅದೇ ಮಾತಾಡ್ತಿದಾರೆ."

ಹೊಲಿಗೆಯಕ್ಕ ಲಂಗವನ್ನು ಅಲ್ಲೇ ಬಿಟ್ಟು ಫೋನ್ ಎತ್ತಿಕೊಂಡಳು. ನಾದಿನಿಗೆ ಹೇಳಿ ಕೂಡಲೇ ಬರಹ ತೆಗೆಸಿದಳು. ಆದರೆ ಅದು ಆಗಲೇ ಯಾರ್ಯಾರ ಫೋನಿಗೋ ಹೋಗಿ ಕೂತಿತ್ತು. "ನೀವು ಹೆಸರು ಬರೆದಿಲ್ಲವಲ್ಲ ಅತ್ತಿಗೆ" ಎಂದು ನಾದಿನಿ ಸಮಾಧಾನ ಹೇಳಲು ಬಂದಳು. "ಮುಚ್ಚೇ ಬಾಯಿ" ಎಂದು ಗದರಿದವಳಿಗೆ, ಬಾಯಿ ಮುಚ್ಚಿಕೊಳ್ಳಬೇಕಿದ್ದವಳು ತಾನೇ ಎಂದು ಹೊಳೆದು ಇನ್ನಷ್ಟು ನಾಚಿಕೆಯಾಯಿತು. ಮೇಡಂಗೆ ಫೋನ್ ಮಾಡಲು ಕೈ ಬರಲಿಲ್ಲ. ಅವರ ಹೊಸ ಅಂಗಿ ಹೊಲಿದು ಸಿದ್ಧವಾಗಿ ಗೂಟದಲ್ಲಿ ತೂಗುತ್ತಿತ್ತು. ಅವರು ಬರದಿದ್ದರೆ ಸಾಕು ಎನಿಸುತ್ತಿತ್ತು. ಬಂದು ಎಲ್ಲರೆದುರು ಚೆನ್ನಾಗಿ ಉಗಿದುಹೋದರೆ ಸಾಕು ಎಂದೂ ಎನಿಸುತ್ತಿತ್ತು.

ಮೇಡಂ ಬಂದರು, ಉಗಿಯಲಿಲ್ಲ. ಪರದೆಯ ಹಿಂದೆ ಹೋಗಿ ಅಂಗಿಯನ್ನು ಕೈಗೆತ್ತಿಕೊಂಡರು.

"ಓದಿದೆ. ಚೆನ್ನಾಗಿ ಬರೆದಿದ್ದೀರಿ."

"ಮೇಡಂ, ತಪ್ಪಾಯ್ತು. ಯಾವ ಮುಖ ಇಟ್ಕೊಂಡು ಕ್ಷಮೆ ಕೇಳ್ಲಿ..."

"ಇದರ ಒಳಗಿನ ಮೆತ್ತೆ ತೆಗೆದುಬಿಡಿ."

"ತೆಗೆದುಬಿಡೋದಾ ಮೇಡಂ?"

"ಹುಡುಗೀರು ಈಗ ಬೋರ್ಡ್ ನೋಡಲ್ಲ. ಯಾವ ಕಡೆ ಅಂತ ನನ್ನ ನೋಡ್ತಾರೆ. ಪಾಪ, ಎಷ್ಟೂಂತ ಹುಡುಕ್ತಾರೆ? ಕಂಡುಬಿಡ್ಲಿ. ಒಂದು ವಾರ ನೋಡಿ ಸುಮ್ಮನಾಗ್ತಾರೆ." ಹೇಳುತ್ತಲೇ ಬೆರಳುಗಳಲ್ಲಿ ಅಂಗಿಯ ಅಂಚನ್ನು ಮುದುರುತ್ತಿದ್ದರು.

ಸ್ಟೂಲಿನ ಮೇಲೆ ಕೂತು ಹೊಲಿಗೆಯಕ್ಕ ಒಂದೊಂದೇ ಹೊಲಿಗೆ ಬಿಚ್ಚಿದಳು. ಬದುಕಿನಲ್ಲಿ ಅಷ್ಟು ಸಣ್ಣ, ಅಷ್ಟು ಒಪ್ಪವಾದ ಹೊಲಿಗೆ ಅವಳು ಹಾಕಿದ್ದೇ ಅಲ್ಲಿ. ಬಿಚ್ಚಲು ಹೋದರೆ ಕತ್ತರಿಯ ತುದಿಗೆ ಸಿಗುತ್ತಿರಲಿಲ್ಲ. ಮೇಡಂ ಅಲ್ಲೇ ನಿಂತು ಕಾದರು. ಮೆತ್ತೆ ತೆಗೆದ ಅಂಗಿ ತೊಟ್ಟು, ಕನ್ನಡಿಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿಕೊಂಡು, ಪರದೆ ಸರಿಸಿದರು.

ಹೊರಗೆ ಒಬ್ಬ ಹೆಂಗಸು ಚೀಲ ತಬ್ಬಿಕೊಂಡು ನಿಂತಿದ್ದಳು. ಹೊಸಬಳು. ಮೇಡಂ ಕಡೆ ಅವಳ ಗಮನವೇ ಇರಲಿಲ್ಲ. "ಬ್ಲಾಗ್ ಓದಿ ಬೇರೆ ಊರಿಂದ ಬಂದೆ ಅಕ್ಕ" ಎಂದಳು ತಗ್ಗಿದ ದನಿಯಲ್ಲಿ. "ನಂಗೂ ಅದೇ ಆಪರೇಷನ್ ಆಗಿದೆ. ಅವರಿಗೆ ಹೊಲಿದ ಹಾಗೇ, ಯಾರಿಗೂ ಗೊತ್ತಾಗದ ಹಾಗೆ ಹೊಲಿದು ಕೊಡ್ತೀರಾ?"

ಉತ್ತರ ಕೊಟ್ಟವರು ಮೇಡಂ. "ಕೊಡ್ತಾರೆ. ಇವರಷ್ಟು ಚೆನ್ನಾಗಿ ಯಾರೂ ಹೊಲಿಯಲ್ಲ" ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದರು. ಬೀದಿಯಲ್ಲಿ ಇಬ್ಬರು ತಿರುಗಿ ನೋಡಿದರು. ಮೇಡಂ ನಡಿಗೆ ನಿಧಾನ ಮಾಡಲಿಲ್ಲ.

ಹೊಸಬಳು ನಗುತ್ತ ಪರದೆಯ ಕಡೆ ಹೆಜ್ಜೆ ಹಾಕಿದಳು. ಹೊಲಿಗೆಯಕ್ಕ ಅಡ್ಡ ನಿಂತಳು.

"ನಿಲ್ಲಿ ತಾಯಿ. ಗೊತ್ತಾಗದ ಹಾಗೆ ಹೊಲಿಯೋದು ನಂಗೆ ಬರುತ್ತೆ. ಗೊತ್ತಾಗದ ಹಾಗೆ ಇಟ್ಕೊಳ್ಳೋದು ಬರಲಿಲ್ಲ. ಆ ಗಿರಾಕಿ ನನ್ನನ್ನ ಕೇಳಿಕೊಂಡಿದ್ದು ಅದೊಂದೇ, ಅದನ್ನೇ ನಾನು ಊರಿಗೆಲ್ಲ ಹಂಚಿದೆ. ನೀವು ಓದಿದ್ದು ಅದನ್ನೇ."

ಆ ಹೆಂಗಸಿನ ಮುಖದ ನಗು ಇಳಿಯಿತು. ಪರದೆಯನ್ನೂ ಹೊಲಿಗೆಯಕ್ಕನನ್ನೂ ನೋಡಿದಳು. ಆಮೇಲೆ ಚೀಲವನ್ನು ಎದೆಗೆ ಅವುಚಿಕೊಂಡು ಹೊರಟುಹೋದಳು.