ಚಿಕ್ಕವ್ವನ ಡೊಮೈನಿಗೆ ಎರಡು ಸಾಲು

ನನ್ನ ಚಿಕ್ಕವ್ವನ ಅರ್ಜಿಯನ್ನು ಕಸಕ್ಕೆ ಹಾಕಿದ ಆ ಮೇಲ್ ಕಂಪನಿಯ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಚಿಕ್ಕವ್ವ ಅವ್ವನ ತಂಗಿ. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವ ಹೆಂಗಸರದೊಂದು ಗುಂಪು ಕಟ್ಟಿಕೊಂಡಿದ್ದಾಳೆ. ಗುಂಪಿನ ಹೆಸರಿನಲ್ಲೊಂದು ವೆಬ್‌ಸೈಟ್ ಇತ್ತು, ಅದರಿಂದ ಆಗೊಂದು ಈಗೊಂದು ಆರ್ಡರ್ ಬರುತ್ತಿತ್ತು. ಬೆಂಗಳೂರಿನ ಸೀರೆ ಮೇಳದಲ್ಲಿ ಮಳಿಗೆ ಬೇಕಾದರೆ ಇಮೇಲಿನಲ್ಲೇ ಅರ್ಜಿ ಹಾಕಬೇಕು, ಅದೂ ಗುಂಪಿನದೇ ವಿಳಾಸದಿಂದ ಎಂದು ಹೇಳಿದರಂತೆ. ಚಳ್ಳಕೆರೆ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡು ನಾನಿರುವಾಗ ಅವಳು ಬೇರೆ ಯಾರನ್ನು ಕೇಳಬೇಕು? ಒಂದು ಮೇಲ್ ಸರ್ವರ್ ಬಾಡಿಗೆಗೆ ಹಿಡಿದು, ಲ್ಯಾಪ್‌ಟಾಪ್ ಹೆಗಲಿಗೇರಿಸಿಕೊಂಡು ಹೋದೆ.

ಡಿಎನ್ಎಸ್ ಎಂದರೆ ಒಂದು ಹೆಸರಿಗೆ, ಅಂದರೆ ಡೊಮೈನಿಗೆ, ಬರುವ ಪತ್ರ ಎಲ್ಲಿಗೆ ಹೋಗಬೇಕು, ಆ ಹೆಸರಿನಲ್ಲಿ ಪತ್ರ ಕಳಿಸಲು ಯಾವ ಸರ್ವರಿಗೆ ಹಕ್ಕಿದೆ ಎಂದೆಲ್ಲ ಬರೆದಿಡುವ ಜಾಗ. ಹಕ್ಕಿನ ಸಾಲು ಆಗಲೇ ಒಂದಿತ್ತು, ಆರ್ಡರಿನ ಪತ್ರ ಕಳಿಸುವ ವೆಬ್‌ಸೈಟಿನವರದು. ಅಳಿಸಲು ಹೋದೆ.

“ಹಳೇದು ಕೀಳಬ್ಯಾಡಪ್ಪ, ಆರ್ಡರ್ ನಿಂತ್ಹೋಗ್ತಾವೆ,” ಎಂದಳು ಚಿಕ್ಕವ್ವ ಮಗ್ಗದಲ್ಲಿ ಕೂತೇ. “ಸೀರೆ ಮುಗಿದ್ರೆ ನಾವು ಮಗ್ಗದಾಗಿನ ಹಳೇ ಎಳೆ ಕಿತ್ ಬಿಸಾಕ್ತೀವಾ? ಹೊಸ ಎಳೆನ ಅದರ ತುದಿಗೇ ಹೊಸೆದು ಕೂಡಿಸ್ತೀವಿ. ಹಂಗೆ ಮಾಡು.”

ಆಯ್ತು ಎಂದು ಹಳೆಯ ಸಾಲಿನ ಕೆಳಗೆ ಹೊಸ ಸರ್ವರಿನದೂ ಒಂದು ಸಾಲು ಬರೆದೆ. ಅದೇ ಸರ್ವರಿನಲ್ಲಿರುವ ನನ್ನ ಅಂಗಡಿಯ ವಿಳಾಸಕ್ಕೊಂದು ಪತ್ರ ಕಳಿಸಿ ನೋಡಿದೆವು. ಟಣ್ ಅಂತ ಬಂತು. ಅರ್ಜಿಯನ್ನೂ ಕಳಿಸಿಬಿಟ್ಟೆವು.

“ಯಾವುದಕ್ಕೂ ಕಾಗದದಾಗೊಂದು ಬರೆದು, ಬಸ್ಸಿಗೆ ಹೋಗಿ ಕೊಟ್ ಬರ್ಲಾ?” ಎಂದಳು.

“ಯಾವ ಕಾಲದಾಗಿದೀಯ ಚಿಕ್ಕವ್ವ! ನಾನಿದೀನಿ, ಸುಮ್ನಿರು,” ಎಂದು ನಕ್ಕೆ.

ಮಳಿಗೆ ಸಿಕ್ಕವರ ಪಟ್ಟಿ ಬಂತು. ಗುಂಪಿನ ಹೆಸರೇ ಇಲ್ಲ. ಫೋನ್ ಮಾಡಿದರೆ ಮೇಳದ ಕಚೇರಿಯವರು, “ನಿಮ್ಮ ಅರ್ಜಿ ಬಂದೇ ಇಲ್ವಲ್ರೀ,” ಎಂದರು. ನಾನು ಬಿಡಲಿಲ್ಲ. ಸ್ಪ್ಯಾಮ್ ನೋಡಿ ಸ್ವಾಮಿ, ದಮ್ಮಯ್ಯ ಎಂದು ಗೋಗರೆದೆ.

“ಹಾಂ, ಇಲ್ಲಿದೆ. ಆದ್ರೆ ಪಟ್ಟಿಗೆ ಸಹಿ ಆಗೋಯ್ತಲ್ಲ.”

ಎಲ್ಲಿತ್ತು ಅಂದುಕೊಂಡಿರಿ? ನಿಮಗೆ ಲಾಟರಿ ಹೊಡೆದಿದೆ ಎಂದು ಬರೆಯುವ ಕಳ್ಳನನ್ಮಕ್ಕಳ ಪತ್ರಗಳ ನಡುವೆ! ಆ ಹೆಂಗಸರು ಇದೇ ಮೇಳಕ್ಕೆಂದು ಆರು ತಿಂಗಳಿಂದ ಸೊಂಟ ಬಿದ್ದುಹೋಗುವಂತೆ ನೇಯ್ದು ಸೀರೆ ಮಡಿಸಿಟ್ಟಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಮೇಳದ ಕಚೇರಿಯ ಇಮೇಲ್ ನಡೆಸುವ ಕಂಪನಿಗೆ ಫೋನ್ ಹಚ್ಚಿದೆ. ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುವ ಯಂತ್ರ ಬಿಟ್ಟರೆ ಒಂದು ನರಪಿಳ್ಳೆಯೂ ಮಾತಾಡಲಿಲ್ಲ. ತಪ್ಪಿದ್ದರೆ ಪತ್ರ ವಾಪಸ್ ಕಳಿಸಿ, ತಿದ್ದಿಕೊಳ್ಳುತ್ತೇವೆ. ಬಾಯಿ ಬಿಡದೆ ಮೂಲೆಗೆ ತಳ್ಳುವುದು ಯಾವ ಊರಿನ ನ್ಯಾಯ?

ತಪ್ಪು ಅವರದೇ ಎಂದು ತೋರಿಸಿಯೇ ಬಿಡೋಣವೆಂದು ಡಿಎನ್ಎಸ್ ಪರೀಕ್ಷಿಸುವ ಸೈಟ್ ತೆರೆದೆ. ಕೆಂಪಕ್ಷರದಲ್ಲಿ ಬಂತು: ಹಕ್ಕಿನ ಸಾಲು ಒಂದು ಹೆಸರಿಗೆ ಒಂದೇ ಇರಬೇಕು, ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ. ಎರಡೂ ಸರ್ವರುಗಳನ್ನು ಒಂದೇ ಸಾಲಿನಲ್ಲಿ ಬರೆಯಬೇಕಿತ್ತು. ನನ್ನ ಅಂಗಡಿಗೆ ಕಳಿಸಿದ ಪತ್ರ ಅದೇ ಸರ್ವರಿನೊಳಗೇ ತಿರುಗಿದ್ದರಿಂದ ಈ ಹಕ್ಕನ್ನು ಯಾರೂ ಕೇಳಿರಲಿಲ್ಲ.

ಮೊಳಕಾಲ್ಮುರಿಗೆ ಹೋಗುವ ಬಸ್ಸಿನಲ್ಲಿ ಬಿ.ಜಿ. ಕೆರೆ ಊರು ದಾಟುವವರೆಗೂ ಹೇಗೆ ಹೇಳಲಿ ಎಂದು ಮಾತು ಹೊಂದಿಸುತ್ತಲೇ ಇದ್ದೆ. ಚಿಕ್ಕವ್ವ ಮಗ್ಗದ ಮುಂದೆ ಕೂತು ಎಳೆಗೆ ಎಳೆ ಹೊಸೆಯುತ್ತಿದ್ದಳು. ಕಂಪನಿಯವರಿಗೆ ಬಾಯಿಗೆ ಬಂದಂತೆ ಬೈದು, ಕೊನೆಗೆ ಎರಡು ಸಾಲಿನ ವಿಷಯವನ್ನೂ ಹೇಳಿದೆ. ಅವಳ ಬೆರಳು ನಿಲ್ಲಲಿಲ್ಲ.

“ನಾನು ಕೂಡಿಸು ಅಂದಿದ್ದೆ ಕಣಪ್ಪ. ನೀನು ಪಕ್ಕದಾಗಿಟ್ಟು ಎದ್ದುಹೋದೆ,” ಎಂದಳು. “ಬಸ್ಸಿಗಾದ್ರೂ ಹೋಗ್ತಿದ್ದೆ, ಬಿಡ್ಲಿಲ್ಲ ನೀನು.”