ಯಾರೂ ತರಿಸಿಕೊಳ್ಳದ ಎರಡನೇ ಹಾಳೆ

2006ನೇ ಇಸವಿ ಅಕ್ಟೋಬರ್ 14, ಶನಿವಾರ. ಅಜ್ಜಿ ಬೆಂಗಳೂರಿನಿಂದ ಅಮೆರಿಕದ ಕರ್ಕ್‌ಲ್ಯಾಂಡಿನ ನಮ್ಮ ಮನೆಗೆ ಬಂದು ಅಂದಿಗೆ ಎಂಬತ್ಮೂರು ದಿನ. ಮಂಗಳವಾರ ವಾಪಸ್ ಹೊರಡುವವಳಿದ್ದಳು. ನನಗೆ ದಿನಚರಿಯಲ್ಲಿ ಎಲ್ಲದಕ್ಕೂ ತಾರೀಖು, ಲೆಕ್ಕ ಬರೆದಿಡುವ ಅಭ್ಯಾಸ. ಆ ದಿನದ ಪುಟವನ್ನು ಈಗ ತೆರೆದರೂ ಮೈ ಬಿಸಿಯಾಗುತ್ತದೆ.

ಅಜ್ಜಿ ಕುಂದಾಪುರದ ಕಡೆಯವಳು. ಅವಳ ಅಪ್ಪ ಹೆರಿಯ ಮೊಗವೀರ ಮೀನುಗಾರಿಕೆ ಬಿಟ್ಟು ಬೊಂಬಾಯಿಗೆ ಹೋಗಿ, ಬ್ರಿಟಿಷರ ಸರಕು ಹಡಗಿನಲ್ಲಿ ಖಲಾಸಿಯಾದ. 1942ರಲ್ಲಿ ಜರ್ಮನ್ ಸಬ್‌ಮರೀನೊಂದು ಆ ಹಡಗನ್ನು ಅಟ್ಲಾಂಟಿಕ್‌ನಲ್ಲಿ ಮುಳುಗಿಸಿತು. ಅವನ ಸಾವು ತಿಳಿಸಲು ಮನೆಗೆ ಬಂದ ಕಾಗದದಲ್ಲಿ ಹಡಗಿನ ಹೆಸರು ಮಾತ್ರ ಇತ್ತಂತೆ. ಆಮೇಲೆ ಆ ಕಾಗದವೂ ಗೆದ್ದಲಿಗೆ ಹೋಯಿತು. ನಾಲ್ಕು ವರ್ಷದ ಮಗುವಾಗಿದ್ದ ಅಜ್ಜಿಗೆ ಅಪ್ಪನ ಮುಖ ನೆನಪಿಲ್ಲ, ಹಡಗಿನ ಹೆಸರು ಬಾಯಿಪಾಠ.

ಸೆಪ್ಟೆಂಬರ್ ಕೊನೆಯಲ್ಲಿ ಹತ್ತಿರದ ಊರು ಶೋರ್‌ಲೈನಿನ ಲೈಬ್ರರಿಯಲ್ಲಿ ಒಂದು ಕರಪತ್ರ ಸಿಕ್ಕಿತು. ಸಬ್‌ಮರೀನುಗಳು ಮುಳುಗಿಸಿದ ಸರಕು ಹಡಗುಗಳ ಬಗ್ಗೆ ಅಲ್ಲೇ ಒಂದು ಹಾಲ್‌ನಲ್ಲಿ ಪ್ರದರ್ಶನ, ಪ್ರತಿ ಹಡಗಿಗೂ ಮಡಿದವರ ಹೆಸರುಗಳ ಸಮೇತ. ಹಡಗುಗಳ ಪಟ್ಟಿಯಲ್ಲಿ ಅಜ್ಜಿ ಹೇಳುತ್ತಿದ್ದ ಹಡಗೂ ಇತ್ತು. ಓಡಿಬಂದು ಹೇಳಿಬಿಟ್ಟೆ. "ಅಪ್ಪಯ್ಯನ ಹೆಸ್ರ್ ಇತ್ತಾ? ನೀ ಕಂಡ್ಯಾ?" ಎಂದಳು. "ಇರತ್ತೆ ಅಜ್ಜಿ, ಎಲ್ಲರ ಹೆಸರೂ ಇರತ್ತೆ" ಎಂದೆ. ತರಕಾರಿ ಚೀಟಿಯನ್ನೂ ಎರಡು ಸಲ ನೋಡುವ ನಾನು ಒಂದು ಫೋನ್ ಮಾಡಿ ವಿಚಾರಿಸಲಿಲ್ಲ.

ಅಣ್ಣ ಪ್ರದೀಪ ಕಾರಿನಲ್ಲಿ ಕರೆದುಕೊಂಡು ಹೋದ. ಅಜ್ಜಿ ವಿಮಾನಕ್ಕೆಂದು ಇಸ್ತ್ರಿ ಮಾಡಿಟ್ಟಿದ್ದ ಸೀರೆಯನ್ನು ಅಂದೇ ಉಟ್ಟಿದ್ದಳು. ಅವಳ ಹಡಗಿನ ಫಲಕ ಕಿಟಕಿಯ ಪಕ್ಕದಲ್ಲಿತ್ತು. ಕೆಳಗೆ ಹೆಸರುಗಳು: ಕ್ಯಾಪ್ಟನ್, ಎಂಜಿನಿಯರುಗಳು, ವೈರ್‌ಲೆಸ್ ಆಪರೇಟರ್. ಎಣಿಸಿದೆ, ಹನ್ನೆರಡು. ಕೊನೆಯಲ್ಲಿ ಒಂದು ಸಾಲು: "ಮತ್ತು 46 ಭಾರತೀಯ ನಾವಿಕರು."

ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. "ಎಂತಕ್ಕೆ ಮಗಾ ಸುಮ್ನೆ ನಿಂತ್ಕಂಡೆ? ಅಪ್ಪಯ್ಯನ ಹೆಸ್ರ್ ಎಲ್ಲಿತ್ತ್? ತೋರ್ಸ್, ಕೈ ಇಡ್ತೆ" ಎಂದು ಬೆರಳು ಮುಂದೆ ಚಾಚಿದಳು. ಆ ಬೆರಳನ್ನು ಯಾವ ಸಾಲಿನ ಮೇಲೆ ಇಡಿಸಲಿ? ನಲವತ್ತಾರು ಎಂಬ ಅಂಕಿಯ ಮೇಲೆ?

ಅಷ್ಟರಲ್ಲಿ ಪ್ರದರ್ಶನ ನೋಡಿಕೊಳ್ಳುತ್ತಿದ್ದ ವಯಸ್ಸಾದ ಸ್ವಯಂಸೇವಕರು ಬಂದರು. ವಾಲ್ಟರ್ ಎಂದು ಎದೆಯ ಮೇಲೆ ಚೀಟಿ. ಫಲಕದ ನಾಲ್ಕನೇ ಹೆಸರು ತೋರಿಸಿ, "ಇವರು ನನ್ನ ತಂದೆ, ಮೂರನೇ ಎಂಜಿನಿಯರ್" ಎಂದರು. ಅಜ್ಜಿಗೆ ಕನ್ನಡದಲ್ಲಿ ಹೇಳಿದೆ. ಅವಳ ಮುಖ ಅರಳಿತು. "ಇವ್ರ ಅಪ್ಪಯ್ಯನೂ ಅದೇ ಹಡಗಾ? ಹಂಗಾರೆ ನಮ್ಮೋರೇ ಆಯ್ತಲ್ಲ. ಕೇಣ್, ನನ್ನ ಅಪ್ಪಯ್ಯನ ಹೆಸ್ರ್ ಎಲ್ಲ್ ಬರ್ದಿರಿ ಅಂದೇಳಿ."

ಕೇಳಿದೆ. ವಾಲ್ಟರ್ ಸಮಾಧಾನದಿಂದಲೇ ವಿವರಿಸಿದರು. ಆಗಿನ ಹಡಗುಗಳಲ್ಲಿ ಯೂರೋಪಿನವರಿಗೆ ಅವರ ಹೆಸರುಗಳಿರುವ ಒಂದು ನೇಮಕದ ಕರಾರು ಪತ್ರ, ಭಾರತೀಯ ನಾವಿಕರಿಗೆ ಬೇರೆಯೇ ಒಂದು ಪತ್ರವಂತೆ. ಎರಡೂ ಬ್ರಿಟನ್ನಿನ ದಾಖಲೆ ಕಚೇರಿಯಲ್ಲಿ ಇವೆಯಂತೆ. ಈ ಫಲಕಕ್ಕೆಂದು ಮೊದಲನೆಯದನ್ನು ತರಿಸಿದ್ದು ಅವರೇ ಅಂತೆ.

"ನೀವು ಎರಡನೆಯದನ್ನು ತರಿಸಲಿಲ್ಲವೇ?"

"ನಾನು ನನ್ನ ತಂದೆಯ ಹೆಸರಿದ್ದ ಪತ್ರವನ್ನಷ್ಟೇ ಕೇಳಿದ್ದೆ."

"ಇನ್ನೊಂದು ಇದೆ ಅಂತ ಗೊತ್ತಿತ್ತೇ?"

ಅವರು ಕನ್ನಡಕ ತೆಗೆದು ಒರೆಸಿದರು. "ಗೊತ್ತಿತ್ತು. ಯಾರೂ ಕೇಳಿರಲಿಲ್ಲ."

ನನ್ನ ದನಿ ಏರಿತು. ಒಂದೇ ಹಡಗು, ಒಂದೇ ಟಾರ್ಪೆಡೊ, ನಿಮ್ಮವರಿಗೆ ಹೆಸರು, ನಮ್ಮವರಿಗೆ ಅಂಕಿಯೇ ಎಂದೆ. ಹಾಲ್‌ನಲ್ಲಿದ್ದವರೆಲ್ಲ ತಿರುಗಿದರು. ಪ್ರದೀಪ ನನ್ನ ತೋಳು ಹಿಡಿದು, "ಏಯ್ ಚೈತ್ರಾ, ಸೀನ್ ಕ್ರಿಯೇಟ್ ಮಾಡ್ಬೇಡ ಕಣೇ. ಪಾಪ, ವಾಲಂಟಿಯರ್ ಅವ್ರು. ನಡಿ, ಪಾರ್ಕಿಂಗ್ ಟೈಮ್ ಆಗೋಯ್ತು" ಎಂದ. "ನೀನು ಸುಮ್ನಿರೋ! ಅವಳಿಗೆ ಏನು ಹೇಳ್ಲಿ, ನೀನೇ ಹೇಳು" ಎಂದೆ. ಅವನು ಜೇಬಿನಿಂದ ಕಾರಿನ ಕೀ ತೆಗೆದ.

ಒಂದು ಕಾರ್ಡಿನ ಮೇಲೆ 'ಹೆರಿಯ ಮೊಗವೀರ' ಎಂದು ಬರೆದು ಫಲಕದ ಕೆಳಗೆ ಸಿಕ್ಕಿಸಲು ಹೋದೆ. ವಾಲ್ಟರ್ ಮೆಲ್ಲಗೆ ಅಡ್ಡ ಬಂದರು. ದಾಖಲೆ ನೋಡದೆ ಹೆಸರು ಹಾಕುವಂತಿಲ್ಲ, ನಿಮ್ಮಲ್ಲಿ ಏನಾದರೂ ಪುರಾವೆ ಇದೆಯೇ ಎಂದು ಕೇಳಿದರು. ಪುರಾವೆ! ಅದು ಇದ್ದದ್ದು ಅವರು ತರಿಸದೇ ಬಿಟ್ಟ ಹಾಳೆಯಲ್ಲಿ.

ಕೊನೆಗೆ ಅಜ್ಜಿಗೆ ನಿಜ ಹೇಳಿದೆ. ಅವಳು ಚಾಚಿದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಇಲ್ದಿರೆ ಇಲ್ಲೆ. ಮನಿಗ್ ಹ್ವಾಪ" ಎಂದಳು. ಬಾಗಿಲ ಬಳಿ ನಿಂತು ವಾಲ್ಟರ್‌ಗೆ ಕೈ ಮುಗಿದಳು. ಅದಕ್ಕೂ ನನಗೆ ಸಿಟ್ಟು ಬಂತು. ಅವಳು ಮಂಗಳವಾರ ಹೋದಳು. ನಾನು ಕ್ಷಮೆ ಕೇಳಿದಾಗಲೂ ಪೆಟ್ಟಿಗೆಗೆ ಬಟ್ಟೆ ಮಡಚುತ್ತಲೇ ಇದ್ದಳು.

ಆ ಶನಿವಾರ ಹಾಲ್‌ನಿಂದ ಹೊರಡುವ ಮುಂಚೆ ನಾನು ವಾಲ್ಟರ್‌ಗೆ ಆ ಕಾರ್ಡನ್ನು ನನ್ನ ವಿಳಾಸ ಬರೆದು ಕೊಟ್ಟಿದ್ದೆ, ಕೊಟ್ಟೆ ಅನ್ನುವುದಕ್ಕಿಂತ ಎಸೆದಿದ್ದೆ. ನವೆಂಬರ್ 22ಕ್ಕೆ ಅವರಿಂದ ದಪ್ಪ ಲಕೋಟೆ ಬಂತು. ಎರಡನೇ ಪತ್ರದ ನಕಲು. ನಲವತ್ತಾರು ಹೆಸರು, ವಯಸ್ಸು, ಊರು, ಒಂದೊಂದರ ಮುಂದೆ ಹೆಬ್ಬೆಟ್ಟಿನ ಗುರುತು. ಮೂವತ್ತೊಂದನೇ ಸಾಲಿನಲ್ಲಿ ಅವನಿದ್ದ. ಜೊತೆಗಿದ್ದ ಚೀಟಿಯಲ್ಲಿ ವಾಲ್ಟರ್ ಬರೆದಿದ್ದರು: "ಒಂದು ಅರ್ಜಿ ಸಾಕಾಯಿತು. ನಾನು ಇದನ್ನು ಮೊದಲೇ ಮಾಡಬೇಕಿತ್ತು. ಪ್ರದರ್ಶನ ಮುಗಿದಿದೆ."

ಬೆಂಗಳೂರಿಗೆ ಫೋನ್ ಮಾಡಿ ಆ ಸಾಲು ಓದಿದೆ. ಅಜ್ಜಿ ಅದನ್ನೇ ಇನ್ನೊಮ್ಮೆ ಓದಿಸಿದಳು. ಆಮೇಲೆ, "ಉಳ್ದೋರದ್ದೂ ಓದ್. ಅವ್ರ್ ಮನಿಯೋರಿಗೆ ಯಾರ್ ಓದಿ ಹೇಳ್ತ್ರ್?" ಎಂದಳು. ಉಳಿದ ನಲವತ್ತೈದನ್ನೂ ಓದಿದೆ. ಪ್ರತಿ ಹೆಸರಿಗೂ ಅವಳು "ಹ್ಞೂಂ" ಎಂದಳು.

ನನ್ನ ಕೋಪ ಇನ್ನೂ ಇಳಿದಿಲ್ಲ. ಟಾರ್ಪೆಡೊ ಬಿಟ್ಟವರಿಗೆ ಆ ಹಡಗಿನೊಳಗೆ ಯಾರಿದ್ದಾರೆಂದು ಗೊತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡ ಹಡಗು ಕಂಪನಿಯವರಿಗೆ ಒಬ್ಬೊಬ್ಬರ ಹೆಸರೂ ಗೊತ್ತಿತ್ತು. ಆ ಶನಿವಾರದಿಂದ ಲಕೋಟೆ ಬರುವವರೆಗೆ ಮೂವತ್ತೊಂಬತ್ತು ದಿನ. ಅಷ್ಟೇ ಹಿಡಿಯಿತು. ಅದಕ್ಕೆ ಮುಂಚೆ ಅರವತ್ತನಾಲ್ಕು ವರ್ಷ ಒಬ್ಬರೂ ಕೇಳಲಿಲ್ಲ. ವಾಲ್ಟರ್ ಒಬ್ಬರನ್ನೇ ಬೈದು ನಾನು ಮಲಗಲಾರೆ. ನಮ್ಮ ಮನೆಯಿಂದಲೂ ಆ ಅರ್ಜಿ ಹೋಗಿರಲಿಲ್ಲ.